ಪರದೆ ಎಂದು ಬರೆದ ಬಾವಿ

ಸುಂಕದ ಕಚೇರಿಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಬೆನ್ನು ತಿರುಗಿಸಿದ ಮೇಲೆ ಗಜಕಡ್ಡಿ. ಬಂದರಿನಲ್ಲಿ ಇಳಿಯುವ ಪ್ರತಿಯೊಂದು ಥಾನು, ಕಂಬಳಿ, ಜಮಖಾನೆ, ಕರವಸ್ತ್ರ ಯಾವ ಸಾಲಿಗೆ ಸೇರಿದ್ದು, ಅದಕ್ಕೆ ಎಷ್ಟು ಸುಂಕ ಎಂದು ತೀರ್ಮಾನಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ. ಒಂದು ಎಳೆಯನ್ನು ಎರಡು ಬೆರಳ ನಡುವೆ ಹೊಸೆದು, ಹತ್ತಿಗೆ ಎಷ್ಟು ಪಾಲು ಬೆರಕೆ ಸೇರಿದೆ ಎಂದು ಹೇಳಿಬಿಡುತ್ತಿದ್ದಳು. ವಾರ ಕಳೆದು ಬರುವ ಪ್ರಯೋಗಾಲಯದ ವರದಿಯಲ್ಲೂ ಹೆಚ್ಚುಕಡಿಮೆ ಅದೇ ಇರುತ್ತಿತ್ತು. ಗಜಕಡ್ಡಿ ಎಂಬ ಹೆಸರು ಅವಳ ಕಿವಿಗೂ ಬಿದ್ದಿತ್ತು. ಸಿಟ್ಟೇನೂ ಬಂದಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಆಗಿತ್ತು.

ಇಂಥವಳಿಗೆ ಆ ಶುಕ್ರವಾರದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಆದದ್ದು ಇಷ್ಟು. ಬೇರಾವುದೋ ಸರಕು ನೋಡಲೆಂದು ಅವಳು ನಾಲ್ಕನೇ ಉಗ್ರಾಣಕ್ಕೆ ಹೋಗಿದ್ದಳು. ಅಲ್ಲಿ ಮೂಲೆಯಲ್ಲಿ ಉಗ್ರಾಣದ ಮೇಸ್ತ್ರಿ ಒಂದು ದೊಡ್ಡ ಮರದ ಪೆಟ್ಟಿಗೆಯ ಹಲಗೆ ಸಂದಿಯಲ್ಲಿ ನುಸಿಗುಳಿಗೆ ತುರುಕುತ್ತಿದ್ದ.

"ಇದೇನ್ರೀ ಮೇಸ್ತ್ರಿ, ಸರ್ಕಾರದ ವಶದಲ್ಲಿರೋ ಮಾಲಿಗೆ ನಿಮ್ಮ ಉಪಚಾರ?"

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. "ನಾನಲ್ಲ ಮೇಡಂ, ಆ ಅಮ್ಮ ಕೊಟ್ಟು ಹೋಗ್ತಾರೆ. ದಿನಾ ಬರ್ತಾರೆ. ಒಳಗೆ ಬಿಡೋಹಾಗಿಲ್ಲವಲ್ಲ, ಅದಕ್ಕೇ ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ. ಉಣ್ಣೆಗೆ ಹುಳ ಬಿದ್ದೀತು ಅಂತ ಅವರಿಗೆ ಭಯ."

"ಯಾವ ಅಮ್ಮ?"

"ಬಾವಿ ಅಮ್ಮ. ಇದನ್ನ ನೇಯ್ದವರು." ಮೇಸ್ತ್ರಿ ಪೆಟ್ಟಿಗೆಯನ್ನು ತಟ್ಟಿದ. "ಇನ್ನೇನು, ಬರೋ ಶುಕ್ರವಾರಕ್ಕೆ ತೊಂಬತ್ತು ದಿನ ತುಂಬುತ್ತೆ, ಹರಾಜಿಗೆ ಹೋಗುತ್ತೆ. ಚಿಂದಿ ವ್ಯಾಪಾರಿ ಆಗಲೇ ಬಂದು ನೋಡ್ಕೊಂಡು ಹೋದ. ಬಿಚ್ಚಿ ಉಣ್ಣೆ ಹಿಂಜಿ ಗಾದಿಗೆ ತುಂಬ್ತಾನಂತೆ." ಆಮೇಲೆ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಸುಮ್ಮನೆ ಮಾತಿಗೆ ಮಾತು ಎಂಬಂತೆ ಹೇಳಿದ: "ನಾವ್ಯಾರೂ ಇದನ್ನ ಒಂದು ಸಲಾನೂ ಪೂರ್ತಿ ಬಿಚ್ಚಿ ನೋಡಿದ್ದೇ ಇಲ್ಲ ಅಲ್ವಾ ಮೇಡಂ?"

ಅವಳು ಬಗ್ಗಿ ಪೆಟ್ಟಿಗೆಗೆ ಅಂಟಿಸಿದ್ದ ಚೀಟಿ ನೋಡಿದಳು; ರುಜು ತನ್ನದೇ.

ಸುಮಾರು ಮೂರು ತಿಂಗಳ ಹಿಂದೆ ಆ ಪೆಟ್ಟಿಗೆ ಬಂದ ದಿನ ಮೇಜಿನ ಮೇಲೆ ಹನ್ನೊಂದು ಕಡತ ಬಾಕಿಯಿದ್ದವು. ಏಜೆಂಟು, ಅಂದರೆ ಬಂದರಿನಲ್ಲಿ ಬೇರೆಯವರ ಪರವಾಗಿ ಸರಕು ಬಿಡಿಸಿಕೊಡುವವನು, 'ಕಲಾಕೃತಿ, ಸುಂಕವಿಲ್ಲ' ಎಂದು ಅರ್ಜಿ ತುಂಬಿ ತಂದಿದ್ದ. ಊರಿನ ಒಂದು ಸಣ್ಣ ಕಲಾಗೃಹ ಅದನ್ನು ಕೊಂಡಿತ್ತು. ನಿಯಮದ ಪುಸ್ತಕದಲ್ಲಿ ಮಾತು ಸರಳವಾಗಿತ್ತು. ಕೈಯಿಂದ ಬರೆದ ಚಿತ್ರಕ್ಕೆ ಸುಂಕವಿಲ್ಲ. ಶಿಲ್ಪಕ್ಕೂ ಇಲ್ಲ, ಅದು ಕಲ್ಲಿನದಾಗಲಿ, ಕಬ್ಬಿಣದ್ದಾಗಲಿ, ಬೇರೆ ಯಾವುದರದೇ ಆಗಲಿ. ಆದರೆ ಬಟ್ಟೆಗೆ ಸುಂಕ ಉಂಟು; ಅದು ಎಷ್ಟೇ ಚೆಂದವಿದ್ದರೂ, ನೇಯ್ದವರು ಎಷ್ಟು ವರ್ಷ ಕಣ್ಣು ಸವೆಸಿದ್ದರೂ. ಅವಳು ಮುಚ್ಚಳ ಸರಿಸಿ ನೋಡಿದ್ದಳು. ಮಡಿಕೆಯ ಮೇಲೆ ಮಡಿಕೆ, ಬೂದು ಬಣ್ಣದ ಉಣ್ಣೆ. ಜೊತೆಗಿಟ್ಟಿದ್ದ ಫೋಟೋದಲ್ಲಿ ಕತ್ತಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಮೇಡಂ, ಇದು ಬಾವಿ," ಎಂದಿದ್ದ ಏಜೆಂಟು.

"ಬಾವಿ ಆದ್ರೆ ನೀರಾವರಿ ಇಲಾಖೆಗೆ ತಗೊಂಡು ಹೋಗಿ," ಎಂದಿದ್ದಳು ಅವಳು. ಅಕ್ಕಪಕ್ಕದ ಮೇಜಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ವಾರದವರೆಗೆ ಆ ಮಾತು ಕಚೇರಿಯಲ್ಲಿ ಓಡಾಡಿತ್ತು. ಅವಳು 'ತೂಗುಹಾಕುವ ಬಟ್ಟೆ, ಪರದೆ ಇತ್ಯಾದಿ' ಎಂದು ಬರೆದು, ಬೆಲೆಯ ನಾಲ್ಕನೇ ಒಂದು ಭಾಗ ಸುಂಕ ಹಾಕಿ, ರುಜು ಮಾಡಿ, ಮುಂದಿನ ಕಡತಕ್ಕೆ ಕೈ ಚಾಚಿದ್ದಳು. ಎಲ್ಲಾ ಸೇರಿ ಹತ್ತು ನಿಮಿಷ.

ಕಲಾಗೃಹಕ್ಕೆ ಅಷ್ಟು ಕಟ್ಟುವ ಶಕ್ತಿ ಇರಲಿಲ್ಲ. ಮೇಲ್ಮನವಿ ಹಾಕಿದರೆ ವರ್ಷ ಹಿಡಿಯುತ್ತಿತ್ತು. ಪೆಟ್ಟಿಗೆ ಅಲ್ಲೇ ಉಳಿಯಿತು.

ಶನಿವಾರ, ಭಾನುವಾರ ಅವಳ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲೇ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಸುತ್ತಿದಳು. ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು. ನಲ್ಲಿ ಸೋರುತ್ತಿದೆಯೇ ಎಂದು ಮೂರು ಸಲ ಎದ್ದುಹೋಗಿ ನೋಡಿದಳು. ಕೊನೆಗೆ ಸ್ಟೂಲು ಹತ್ತಿ ಕಿಟಕಿಯ ಪರದೆಯನ್ನು ಕಳಚಿ, ಹಾಸಿಗೆಯ ಮೇಲೆ ಹರಡಿ, ಹಿಂದೆ ಮುಂದೆ ತಿರುಗಿಸಿ ನೋಡುತ್ತ ನಿಂತಳು.

"ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೆ ಓಡಾಡ್ತಿದೀಯ?" ಎಂದರು ಅತ್ತೆ. ಅವರು ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದವರು; ಈಗಲೂ ಸುಕ್ಕು ಕಂಡರೆ ಅಂಗೈಯಿಂದ ಒತ್ತುತ್ತಾರೆ, ಅದು ಬಟ್ಟೆಯದಾಗಲಿ ಮೊಮ್ಮಕ್ಕಳ ಹಣೆಯದಾಗಲಿ.

ಅವಳು ಎಲ್ಲವನ್ನೂ ಹೇಳಿದಳು. ನೀರಾವರಿ ಇಲಾಖೆಯ ಜೋಕನ್ನೂ ಬಿಡಲಿಲ್ಲ. ಅತ್ತೆ ನಗಲಿಲ್ಲ.

"ಮಡಿಸಿಟ್ಟಿದ್ದನ್ನೇ ನೋಡಿ ಬರೆದುಬಿಟ್ಯಾ?"

"ಅಳತೆ ಚೀಟಿ ಇತ್ತು ಅತ್ತೆ."

"ನಮ್ಮ ಲಾಂಡ್ರೀಲಿ ಮಡಿಸಿಟ್ಟ ಮೇಲೆ ಡಾಕ್ಟರ ಕೋಟೂ ಒಂದೇ, ಹೆಣದ ಮೇಲೆ ಹೊದಿಸೋ ಬಟ್ಟೇನೂ ಒಂದೇ. ಎರಡೂ ಬಿಳಿ, ಎರಡಕ್ಕೂ ಒಂದೇ ಇಸ್ತ್ರಿ. ಒಂದು ಸಲ ಬಿಚ್ಚಿ ನೋಡದೆ ಕಳಿಸಿ, ಡಾಕ್ಟರು ಅದನ್ನ ತೋಳಿಗೆ ಹಾಕ್ಕೊಳ್ಳೋಕೆ ಹೋಗಿ ದೊಡ್ಡ ರಂಪ ಆಯ್ತು."

ಗಂಡ ಊರೊಳಗೆ ಬಸ್ಸು ಓಡಿಸುವವನು. ಅಷ್ಟು ಹೊತ್ತೂ ಶೂಸಿಗೆ ಪಾಲಿಶ್ ಹಾಕುತ್ತಿದ್ದವನು ತಲೆಯೆತ್ತದೆ ಹೇಳಿದ: "ನಾನೂ ಒಂದೊಂದು ಸಲ ಬೇರೆ ರಸ್ತೆಗೆ ತಿರುಗಿಸಿಬಿಡ್ತೀನಿ. ರಿವರ್ಸ್ ತಗೋತೀನಿ. ಒಳಗೆ ಕೂತವರು ಬೈತಾರೆ. ಬೈಸ್ಕೋತೀನಿ."

"ನಿಮಗೆ ಹೇಳೋದು ಸುಲಭ. ನನ್ನ ಹಿಂದೆ ಎಷ್ಟು ಗಾಡಿ ನಿಂತಿವೆ ಗೊತ್ತಾ?"

"ಅದಕ್ಕೇ ಹಾರ್ನ್ ಮಾಡಿ ತಗೋ," ಎಂದ.

ಸೋಮವಾರ ಬೆಳಗ್ಗೆ ಅವಳು ನೇರವಾಗಿ ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಸಭ್ಯರು, ದನಿ ಏರಿಸಿದವರಲ್ಲ. ಬೇಡದ ಮಾತು ಬಂದಾಗ ಕನ್ನಡಕ ತೆಗೆದು ಒರೆಸುತ್ತ ಕೂರುವುದು ಅವರ ಕ್ರಮ. ಅವಳು ಅರ್ಧ ಹೇಳುವಷ್ಟರಲ್ಲೇ ಕನ್ನಡಕ ಕೈಗೆ ಬಂದಿತ್ತು.

"ಸರಕು ಹೊರಗೆ ಹೋಗೋ ತನಕ ಮರುಪರೀಕ್ಷೆಗೆ ಅವಕಾಶ ಇದೆ ಸಾರ್."

"ಅವಕಾಶ ಇದೆ. ಅಗತ್ಯ ಏನಿದೆ? ಅವರು ಅಪೀಲು ಹಾಕಿಲ್ಲ. ಯಾರೂ ಕೇಳ್ತಾ ಇಲ್ಲ. ಮುಗಿದ ಕಡತ ನೀವ್ಯಾಕೆ ಕೆದಕ್ತೀರಿ?"

"ನಾನು ನೋಡದೆ ಬರೆದಿದ್ದೆ ಸಾರ್."

ಸಾಹೇಬರು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು. "ನೋಡಿ ಮೇಡಂ, ಬರೋ ತಿಂಗಳು ತರಬೇತಿ ಶಾಲೆಗೆ ಒಬ್ಬರನ್ನ ಕಳಿಸಬೇಕು. ಹೊಸಬರಿಗೆ ಬಟ್ಟೆ ವಿಂಗಡಣೆ ಪಾಠ ಹೇಳೋಕೆ. ನಿಮ್ಮ ಹೆಸರೇ ಬರೆದಿದೀನಿ. ಅಲ್ಲಿ ಹೋಗಿ ನಿಮ್ಮ ಆದೇಶ ನೀವೇ ತಿರುಗಿಸಿದ ಕಥೆ ಹೇಳ್ತೀರಾ? ನಾಳೆ ಪ್ರತಿಯೊಬ್ಬ ಏಜೆಂಟೂ ಬಂದು ನಂದೂ ಬಿಚ್ಚಿ ನೋಡಿ ಅಂತ ಸಾಲು ನಿಲ್ತಾನೆ."

"ನಿಲ್ಲಲಿ ಸಾರ್," ಎಂದುಬಿಟ್ಟಳು. ಮಾತು ಹೊರಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ತರಬೇತಿ ಶಾಲೆಯ ಆ ಕೆಲಸಕ್ಕಾಗಿ ಅವಳು ಎರಡು ವರ್ಷದಿಂದ ಕಾದಿದ್ದಳು. ಮನೆಗೆ ನಡೆದೇ ಹೋಗಿ ಬರಬಹುದಾದ ದೂರ, ಧೂಳಿಲ್ಲದ ಕೆಲಸ.

"ಸರಿ. ಬಿಚ್ಚಿ ನೋಡಿ. ಬರೆಯೋದು ನೀವು, ಹೊರೋದೂ ನೀವು. ಗುರುವಾರ ಸಂಜೆಯೊಳಗೆ ನನ್ನ ಮೇಜಿಗೆ ಬರಬೇಕು. ಶುಕ್ರವಾರ ಬೆಳಗ್ಗೆ ಹರಾಜಿನವರು ಬರ್ತಾರೆ."

ಅವಳು ಉಗ್ರಾಣದ ಹೊರಗಿನ ಬೆಂಚಿನ ಹತ್ತಿರ ಹೋದಾಗ ಏಜೆಂಟು ಆಗಲೇ ಬಂದಿದ್ದ. ಇಂಥ ಸುದ್ದಿ ಅವನಿಗೆ ಹೇಗೆ ಮುಟ್ಟುತ್ತದೋ. ಬೆಂಚಿನ ಮೇಲೆ ಎಪ್ಪತ್ತರ ಆಸುಪಾಸಿನ ಹೆಂಗಸು, ತೊಡೆಯ ಮೇಲೆ ಕಾಗದದ ಪೊಟ್ಟಣ. ದಪ್ಪ ಗಾಜಿನ ಕನ್ನಡಕ. ಬಲಗೈಯ ತೋರುಬೆರಳಿನ ತುದಿಯಲ್ಲಿ ಗಂಟುಕಟ್ಟಿದ ಚರ್ಮ. ಎಷ್ಟೋ ವರ್ಷ ನೂಲೆಳೆದು ಅದು ಕೊಂಬಿನ ಹಾಗೆ ಗಟ್ಟಿಯಾಗಿತ್ತು.

"ಅಮ್ಮಾ, ಆ ಆದೇಶ ಬರೆದವಳು ನಾನೇ," ಎಂದಳು ಅವಳು, ನಿಂತುಕೊಂಡೇ.

ನೇಕಾರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಪರದೆ ಅಂದವರಾ?"

"ಹೌದು."

"ಯಾವ ಕಿಟಕಿಗೆ?"

ಏಜೆಂಟು ಮಧ್ಯೆ ನುಗ್ಗಿದ. "ಅಮ್ಮಾ, ಈಗ ಒಳ್ಳೇ ಕಾಲ ಬಂದಿದೆ. ನಾಳೆ ತೂಗುಹಾಕಿ ನೋಡ್ತಾರಂತೆ. ನೀವು ಇಲ್ಲೊಂದು ರುಜು ಹಾಕಿ. 'ಇದು ನಾನು ಮಾಡಿದ ಶಿಲ್ಪ' ಅಂತ ಒಂದೇ ಸಾಲು. ಮಿಕ್ಕಿದ್ದು ನನಗೆ ಬಿಡಿ."

ನೇಕಾರಮ್ಮ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ವಾಪಸು ಕೊಟ್ಟರು.

"ನಾನು ಶಿಲ್ಪ ಮಾಡಿಲ್ಲಪ್ಪ."

"ಅಯ್ಯೋ, ಹೇಳೋಕೇನು ಕಷ್ಟ ಅಮ್ಮಾ?"

"ನಾನು ನೇಕಾರಳು. ಪರದೇಶದ ಗಿರಣೀಲಿ ಇಪ್ಪತ್ತೆಂಟು ವರ್ಷ ನೇಯ್ದೆ. ಮನೆಗೆ ಬಂದು ರಾತ್ರಿ ಇದನ್ನ ನೇಯ್ದೆ, ಹನ್ನೊಂದು ವರ್ಷ. ನೇಯ್ದಿದ್ದು ಬಟ್ಟೆ. ಬಟ್ಟೆ ಅನ್ನೋಕೆ ನನಗೇನು ನಾಚಿಕೆ? ಶಿಲ್ಪ ಅಂದ್ರೆ ಸುಂಕ ಇಲ್ಲ, ಬಟ್ಟೆ ಅಂದ್ರೆ ಸುಂಕ. ಅಂದ್ರೆ ನಿಮ್ಮ ಪುಸ್ತಕದಲ್ಲಿ ಬಟ್ಟೆ ಕೀಳು ಅಂತಲೇ ತಾನೆ?"

ಏಜೆಂಟು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅವಳು ಬೆಂಚಿನ ತುದಿಯಲ್ಲಿ ಕೂತಳು, ತಕ್ಷಣ ಎದ್ದಳು. ಈ ಹೆಂಗಸು ಬೇಡುತ್ತಾಳೆ, ಅಳುತ್ತಾಳೆ, ತಾನು ದೊಡ್ಡ ಮನಸ್ಸಿನಿಂದ ತಿದ್ದಿಕೊಡುತ್ತೇನೆ ಎಂದೇನೋ ಅಂದುಕೊಂಡು ಬಂದಿದ್ದಳು. ಈಗ ಬೇಡಬೇಕಾದವಳು ತಾನೇ ಆಗಿದ್ದಳು.

"ಅಮ್ಮಾ, ರುಜು ಹಾಕದಿದ್ರೆ ಶುಕ್ರವಾರ ಇದನ್ನ ಚಿಂದಿಯವನು ತಗೊಂಡು ಹೋಗ್ತಾನೆ."

"ಗೊತ್ತು. ಅವನು ಬಂದು ನನ್ನನ್ನೇ ಕೇಳಿದ, ಇದರಲ್ಲಿರೋ ಉಣ್ಣೆ ಅಪ್ಪಟವಾ ಅಂತ." ನೇಕಾರಮ್ಮ ತೊಡೆಯ ಮೇಲಿನ ಪೊಟ್ಟಣದ ಬಾಯಿಯನ್ನು ಬಿಗಿಯಾಗಿ ಮಡಿಸಿದರು. "ಹೌದು ಅಂದೆ. ಸುಳ್ಳು ಹೇಳೋಕಾಗಲಿಲ್ಲ."

ಮರುದಿನ ಬೆಳಗ್ಗೆ ಹತ್ತಕ್ಕೆ ನಾಲ್ಕನೇ ಉಗ್ರಾಣದಲ್ಲಿ ಕ್ರೇನಿನ ಕೆಳಗೆ ಜಾಗ ಖಾಲಿ ಮಾಡಿಸಿದರು. ಮೇಸ್ತ್ರಿ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ. ನಾಲ್ಕು ಜನ ಸೇರಿ ಪೆಟ್ಟಿಗೆಯೊಳಗಿನ ಮುದ್ದೆಯನ್ನು ಹೊರಗೆಳೆದರು. ಮೇಲೊಂದು ಕಬ್ಬಿಣದ ಬಳೆ. ಅದರ ಕೆಳಗೆ ಬಟ್ಟೆಯ ಒಳಗೇ ಹೊಲಿದ ಬೆತ್ತದ ಬಳೆಗಳು. ನೇಕಾರಮ್ಮನಿಗೆ ಪರವಾನಗಿ ಚೀಟಿ ಬರೆಸಿ ಒಳಗೆ ಬಿಟ್ಟಿದ್ದರು. ಅವರು ಯಾರನ್ನೂ ಮಾತಾಡಿಸದೆ ಮುದ್ದೆಯ ಸುತ್ತ ಮಂಡಿಯೂರಿ ತೆವಳುತ್ತ, ಹುಳ ಬಿದ್ದಿದೆಯೇ ಎಂದು ಮಡಿಕೆ ಮಡಿಕೆಯಲ್ಲೂ ಬೆರಳಾಡಿಸಿದರು. ಆಮೇಲೆ ಎದ್ದು, "ಎತ್ತಿ," ಎಂದರು.

ಕ್ರೇನಿನವನು ಗುಂಡಿ ಒತ್ತಿದ. ಕೊಕ್ಕೆ ನಿಧಾನವಾಗಿ ಮೇಲೇರಿತು. ಒಂದು ಸುತ್ತು ಎದ್ದಿತು, ಅದರ ಕೆಳಗಿನದು, ಅದರ ಕೆಳಗಿನದು. ಬಾವಿಯಿಂದ ಕೊಡ ಸೇದುವುದನ್ನು ಅಲ್ಲಿದ್ದವರೆಲ್ಲ ನೋಡಿದ್ದರು. ಬಾವಿಯನ್ನೇ ಸೇದುವುದನ್ನು ನೋಡಿದ್ದು ಅದೇ ಮೊದಲು. ಮೂರಾಳೆತ್ತರ ಹೋಗಿ ಅದು ನಿಂತಿತು. ಹೊರಮೈಯೆಲ್ಲ ಗಂಟು, ತುಂಡು ನೂಲು, ಜೋತುಬಿದ್ದ ಎಳೆ. ಮಣ್ಣು ಅಗೆದಾಗ ಕಾಣುವ ಬೇರುಗಳ ಹಾಗೆ. ಕೆಳಗಿನ ಅಂಚು ನೆಲದಿಂದ ಸೊಂಟದೆತ್ತರದಲ್ಲಿ ತೂಗುತ್ತಿತ್ತು.

"ಬಗ್ಗಿ ಒಳಗೆ ಹೋಗಿ," ಎಂದರು ನೇಕಾರಮ್ಮ.

ಅವಳು ಟೇಪು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ಒಳಗೆ ಹೋದಳು, ನಿಂತಳು, ತಲೆಯೆತ್ತಿದಳು.

ಸುತ್ತ ಕಲ್ಲು. ಒಂದೊಂದೂ ಬೇರೆ ಬೇರೆ ಗಾತ್ರದ್ದು, ನೇಯುವಾಗಲೇ ಒಳಗೆ ಏನನ್ನೋ ತುಂಬಿ ಉಬ್ಬಿಸಿದ್ದು. ಸಂದಿಯಲ್ಲಿ ಪಾಚಿ. ಒಂದು ಕಡೆ ಕಲ್ಲನ್ನು ಸೀಳಿಕೊಂಡು ಹೊರಬಂದ ಬೇರು. ಸೊಂಟದ ಹತ್ತಿರ ಕಪ್ಪು. ಮೇಲೆ ಹೋದ ಹಾಗೆ ಬೂದು, ಇನ್ನೂ ಮೇಲೆ ಹೋದಂತೆ ಮಾಸಲು ಬಿಳಿ. ತುತ್ತತುದಿಯಲ್ಲಿ ಉಗ್ರಾಣದ ಗಾಜಿನ ಮಾಡಿನಿಂದ ಇಳಿದ ಒಂದು ಬಿಲ್ಲೆ ಬೆಳಕು. ಹೊರಗೆ ಮೇಸ್ತ್ರಿ ಯಾರನ್ನೋ ಗದರುತ್ತಿದ್ದುದು ಎಷ್ಟೋ ದೂರದಿಂದ ಬಂದಂತೆ ಕೇಳಿಸಿತು. ಅವಳ ಉಸಿರು ಅವಳಿಗೇ ಕೇಳಿಸಿತು. ಅಳತೆ ತೆಗೆಯೋಣವೆಂದು ಟೇಪು ಎಳೆದಳು. ಎಲ್ಲಿಂದ ಎಲ್ಲಿಗೆ ಹಿಡಿಯುವುದೆಂದು ತಿಳಿಯಲಿಲ್ಲ. ಟೇಪು ಸರಕ್ಕನೆ ಹಿಂದಕ್ಕೋಡಿ ಬೆರಳಿಗೆ ಬಡಿಯಿತು.

ನೇಕಾರಮ್ಮನೂ ಬಗ್ಗಿ ಒಳಗೆ ಬಂದರು. ಇಬ್ಬರು ನಿಲ್ಲುವುದಕ್ಕಷ್ಟೇ ಜಾಗ.

"ಒಂಬತ್ತು ವರ್ಷ ನನಗಾಗ. ಒಣಗಿದ ಬಾವಿ. ಇಣುಕಿ ನೋಡೋಕೆ ಹೋಗಿ ಬಿದ್ದೆ. ಕೆಳಗೆ ಎಲೆ ರಾಶಿ ಇತ್ತು, ಮೂಳೆ ಮುರೀಲಿಲ್ಲ. ನಮ್ಮಣ್ಣ ಹಗ್ಗ ತರ್ತೀನಿ ಅಂತ ಓಡಿದ. ಹಗ್ಗ ಸಿಕ್ಕಿ ಅವನು ಬರೋಹೊತ್ತಿಗೆ ಸಂಜೆ ಆಗಿತ್ತು. ಅಳೋದು ಎಷ್ಟು ಹೊತ್ತು? ಅತ್ತು ಅತ್ತು ಸಾಕಾಗಿ ಕಲ್ಲು ಎಣಿಸೋಕೆ ಶುರು ಮಾಡಿದೆ. ಯಾವ ಸುತ್ತಲ್ಲಿ ಎಷ್ಟು ಕಲ್ಲು ಅಂತ ಈಗ ಕೇಳಿದ್ರೂ ಹೇಳ್ತೀನಿ."

"ಹಾಗಾದ್ರೆ ಇದು ಆ ಬಾವಿಯ ಅಳತೇನೇನಾ?"

"ಅಲ್ಲ. ಮೇಲೆ ನೋಡಿ, ಹೋದಂಗೆಲ್ಲ ಕಿರಿದಾಗುತ್ತೆ. ನಿಜವಾದ ಬಾವಿ ಹಂಗಿರಲ್ಲ, ಮೇಲೂ ಕೆಳಗೂ ಒಂದೇ. ಒಳಗೆ ಬಿದ್ದವರಿಗೆ ಹಂಗೆ ಕಾಣುತ್ತೆ. ಆ ಕಿರಿದು ಬರಿಸೋಕೇ ಆರು ವರ್ಷ ಹಿಡೀತು, ಬಿಚ್ಚಿ ಬಿಚ್ಚಿ ನೇಯ್ದೆ."

ಅವಳು ಮತ್ತೆ ಮೇಲೆ ನೋಡಿದಳು. ಈ ಎಂಬತ್ತೇಳು ದಿನ ಇದು ಒಂದು ಪೆಟ್ಟಿಗೆಯಲ್ಲಿ ಮಡಿಸಿ ಬಿದ್ದಿತ್ತು. ಮಾಡಿದವಳು ಹೊರಗೆ ಬೆಂಚಿನ ಮೇಲೆ. ಬೆಳಕಿನ ಬಿಲ್ಲೆ ಇನ್ನಷ್ಟು ಮೇಲೆ ಹೋದಂತೆ ಅನ್ನಿಸಿ, ಅವಳು "ಸ್ವಲ್ಪ ದಾರಿ ಬಿಡಿ ಅಮ್ಮಾ," ಎಂದು ಬಗ್ಗಿ ಹೊರಗೆ ಬಂದಳು. ಹೊರಗೆ ನಿಂತು ನಾಲ್ಕು ಸಲ ಜೋರಾಗಿ ಉಸಿರಾಡಿದಳು.

ಏಜೆಂಟು ಓಡಿ ಬಂದ. "ಏನನ್ನಿಸ್ತು ಮೇಡಂ? ರುಜು ಇಲ್ಲದೆ ಏನೂ ಮಾಡೋಕಾಗಲ್ಲ ಅಲ್ವಾ?"

"ಅವರ ರುಜು ಯಾಕೆ ಬೇಕು? ತಂದವರು ಏನಂತ ಕರೀತಾರೆ ಅನ್ನೋದಲ್ಲ, ಬಂದಿಳಿದಾಗ ಆ ವಸ್ತು ಏನಾಗಿದೆ ಅನ್ನೋದು ಲೆಕ್ಕ. ಈ ಮಾತನ್ನ ನಾನೇ ನೂರು ಆದೇಶದಲ್ಲಿ ಬರೆದಿದೀನಿ, ನಿಮ್ಮ ವಿರುದ್ಧ."

"ನಿಜ," ಎಂದ ಏಜೆಂಟು, ಹಳೆಯ ಗಾಯ ನೆನಪಾದವನಂತೆ.

ಬುಧವಾರವಿಡೀ ಅವಳು ಬರೆದಳು. ಬರೆದಳು ಎನ್ನುವುದಕ್ಕಿಂತ ಹರಿದು ಹಾಕಿದಳು ಎನ್ನಬೇಕು. ಹತ್ತೊಂಬತ್ತು ವರ್ಷದಲ್ಲಿ ಅವಳ ಯಾವ ಆದೇಶವೂ ಅರ್ಧ ಪುಟ ದಾಟಿರಲಿಲ್ಲ. ಇದಕ್ಕೆ ತಯಾರಕರ ಘೋಷಣೆಯ ಆಸರೆಯಿಲ್ಲ, ಹಿಂದಿನ ತೀರ್ಪಿನ ಆಸರೆಯಿಲ್ಲ. ಇದ್ದ ಒಂದೇ ತೀರ್ಪು ಅವಳದೇ, ಅದೂ ಎದುರು ಪಕ್ಷದಲ್ಲಿ. ಒಂದು ವಾಕ್ಯ ಬರೆಯುವಳು, ಎದ್ದು ಕಿಟಕಿಯ ಹತ್ತಿರ ಹೋಗುವಳು, ಬಂದು ಹೊಡೆದುಹಾಕುವಳು. ಮಧ್ಯಾಹ್ನ ಮತ್ತೆರಡು ಸಲ ಉಗ್ರಾಣಕ್ಕೆ ಹೋಗಿ ಬಂದಳು. "ಮೇಡಂ, ಬಾವಿ ಎಲ್ಲೂ ಓಡಿಹೋಗಿಲ್ಲ," ಎಂದ ಮೇಸ್ತ್ರಿ. ಪಕ್ಕದ ಮೇಜಿನ ಗುಮಾಸ್ತ, "ನೀರು ಬಂತಾ ಮೇಡಂ?" ಎಂದು ಕೇಳಿ, ಅವಳ ಮುಖ ನೋಡಿ ತೆಪ್ಪಗಾದ.

ಸಂಜೆಯ ಹೊತ್ತಿಗೆ ಮೂರು ಪುಟ ನಿಂತವು. ಅದರಲ್ಲಿ ಹೀಗಿತ್ತು: 'ಪರದೆಗೆ ಹಿಂಬದಿ ಮುಂಬದಿ ಇರುತ್ತದೆ. ಈ ವಸ್ತುವಿಗೆ ಅವು ಇಲ್ಲ. ಒಳಗು ಮತ್ತು ಹೊರಗು ಇವೆ. ಇದು ಯಾವ ಕಿಟಕಿಯನ್ನಾಗಲಿ ಗೋಡೆಯನ್ನಾಗಲಿ ಮುಚ್ಚುವುದಕ್ಕೆ ಬರುವುದಿಲ್ಲ. ಕಲ್ಲುಗಳನ್ನು ಉಬ್ಬಿಸಿ ರೂಪ ಕೊಟ್ಟಿದೆ. ಕೆಳಗಿನಿಂದ ನೋಡುವವರಿಗೆ ಆಳ ಕಾಣಲೆಂದು ಮೇಲಕ್ಕೆ ಹೋದಂತೆ ಕಿರಿದುಗೊಳಿಸಿದೆ. ನೇಯ್ಗೆ ಇಲ್ಲಿ ಮಾಡಿದ ವಿಧಾನ. ಮಾಡಿದ ವಸ್ತು ಶಿಲ್ಪ.' ಕೊನೆಯ ವಾಕ್ಯಕ್ಕೆ ಅವಳು ಒಂದು ಗಂಟೆ ತೆಗೆದುಕೊಂಡಿದ್ದಳು. ಅದರ ಕೆಳಗೆ, 'ಹಿಂದಿನ ಆದೇಶವನ್ನು ಸರಕನ್ನು ಬಿಚ್ಚಿ ನೋಡದೆ ಬರೆದವಳು ನಾನೇ. ಅದನ್ನು ಹಿಂತೆಗೆದುಕೊಂಡಿದ್ದೇನೆ.' ಇದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಗುರುವಾರ ಸಾಹೇಬರು ಬೆಳಗ್ಗೆಯೆಲ್ಲ ಸಿಗಲಿಲ್ಲ. ಮೂರು ಗಂಟೆಗೆ ಸಿಕ್ಕರು. ಮೂರೂ ಪುಟ ಓದಿದರು, ಎರಡನೇ ಪುಟವನ್ನು ಎರಡು ಸಲ. ಈ ಬಾರಿ ಕನ್ನಡಕ ಮೂಗಿನ ಮೇಲೇ ಇತ್ತು.

"ಚೆನ್ನಾಗಿ ಬರೆದಿದೀರಿ," ಎಂದರು. "ನೀವು ಇಷ್ಟು ಬರೀತೀರಿ ಅಂತ ಗೊತ್ತಿರಲಿಲ್ಲ." ಒಪ್ಪಿಗೆಯ ರುಜು ಹಾಕಿದರು. ಅದರ ಕೆಳಗೇ ಇನ್ನೊಂದು ಸಾಲು ಬರೆದರು: 'ಹಿಂದಿನ ಲೋಪದ ಬಗ್ಗೆ ಅಧಿಕಾರಿಯಿಂದ ವಿವರಣೆ ಕೇಳಿದೆ.' ಅದನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದರು. "ಇದನ್ನ ಬರೀದೇ ಇರೋಕೆ ನನಗಾಗಲ್ಲ. ತರಬೇತಿ ಶಾಲೆ ವಿಷಯಾನೂ ನಿಮಗೆ ಅರ್ಥ ಆಗುತ್ತೆ."

"ಆಗುತ್ತೆ ಸಾರ್."

ಆದೇಶದ ಪ್ರತಿಯನ್ನು ಹಿಡಿದು ಅವಳು ಉಗ್ರಾಣಕ್ಕೆ ಬಂದಾಗ ಲಾರಿ ಬಾಗಿಲಿಗೆ ಹಿಂಬದಿ ಕೊಟ್ಟು ನಿಂತಿತ್ತು. ಐದಕ್ಕೆ ಗೇಟು ಮುಚ್ಚುತ್ತದೆ. ಏಜೆಂಟು ಪ್ರತಿಯನ್ನು ಕಣ್ಣಿಗೊತ್ತಿಕೊಂಡ. ನೇಕಾರಮ್ಮ ಮಾತ್ರ, "ಓದಬೇಕು," ಎಂದು ಕೂತರು. ಒಂದೊಂದೇ ಸಾಲಿನ ಕೆಳಗೆ ಗಟ್ಟಿ ಬೆರಳನ್ನು ಜರುಗಿಸುತ್ತ ಓದಿದರು. ಶಿಲ್ಪ ಎಂಬಲ್ಲಿ ಬೆರಳು ನಿಂತಿತು.

"ಇದು ನಿಮ್ಮ ಪುಸ್ತಕದ ಮಾತು. ನಿಮ್ಮ ಮಾತು ನಿಮಗೆ," ಎಂದು ಬೆರಳು ಮುಂದೆ ಹೋಯಿತು. ಮೂರನೇ ಪುಟದ ಮಧ್ಯದಲ್ಲಿ ಮತ್ತೆ ನಿಂತಿತು. "ಆದ್ರೆ ಇದು ಸುಳ್ಳು."

"ಯಾವುದು?"

"ತಳದ ಮೂರು ಸುತ್ತು ಸೆಣಬು ಅಂತ ಬರೆದಿದೀರಿ. ಅದು ಸೆಣಬಲ್ಲ. ಅಗಸೆ ನಾರು. ಅದಕ್ಕೆ ಕಪ್ಪು ಹತ್ತಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು."

ಅವಳು ಏಜೆಂಟಿನ ಕಡೆ ನೋಡಿದಳು. ಏಜೆಂಟು ಮಾಡಿನ ಕಡೆ ನೋಡಿದ. ಸೆಣಬು ಎಂದಿದ್ದುದು ಅವನ ಪಟ್ಟಿಯಲ್ಲಿ. ಅವಳು ಉಣ್ಣೆಯ ಸುತ್ತುಗಳನ್ನು ಹೊಸೆದು ನೋಡಿದ್ದಳು, ತಳದ ಮೂರನ್ನು ಮಾತ್ರ ಪಟ್ಟಿ ನೋಡಿ ಬರೆದಿದ್ದಳು. ಬಗ್ಗಿ ಅಂಚಿನ ಒಂದು ಎಳೆ ಹೊಸೆದಳು. ಅಗಸೆ. ಕಣ್ಣು ಕಟ್ಟಿದರೂ ಹೇಳಬಹುದಾದಂಥ ಅಗಸೆ.

"ಅಮ್ಮಾ, ಇದರಿಂದ ಸುಂಕಕ್ಕೇನೂ ವ್ಯತ್ಯಾಸ ಆಗಲ್ಲ. ಟೈಮು ಬೇರೆ ಇಲ್ಲ," ಎಂದ ಏಜೆಂಟು, ಹೆಚ್ಚುಕಡಿಮೆ ಅಳುವ ದನಿಯಲ್ಲಿ.

"ಶಿಲ್ಪ ಅಂತೀರೋ ಗೋಪುರ ಅಂತೀರೋ, ಅದು ನಿಮ್ಮ ಅಭಿಪ್ರಾಯ. ಅಗಸೇನ ಸೆಣಬು ಅನ್ನೋದು ಅಭಿಪ್ರಾಯ ಅಲ್ಲ," ಎಂದರು ನೇಕಾರಮ್ಮ.

"ಸರಿಯಾಗೇ ಹೇಳ್ತಿದಾರೆ," ಎಂದಳು ಅವಳು. ಪೆನ್ನಿನಿಂದ ಹೊಡೆದು, ಮೇಲೆ ತಿದ್ದಿ, ಪಕ್ಕದಲ್ಲಿ ಚಿಕ್ಕ ರುಜು ಹಾಕಿದಳು. ತಿದ್ದಿದ ಕಡೆ ಸಾಹೇಬರ ಚಿಕ್ಕ ರುಜುವೂ ಬೇಕು. ಗಂಟೆ ನಾಲ್ಕೂ ಇಪ್ಪತ್ತು.

ಮೂರು ಮಹಡಿ ಮೆಟ್ಟಿಲು ಹತ್ತಿದಳು. ಸಾಹೇಬರ ಕೋಣೆಗೆ ಬೀಗ. "ಈಗ ತಾನೇ ಇಳಿದ್ರು, ಮೀಟಿಂಗಿಗೆ ಹೊರಟ್ರು," ಎಂದ ಬಾಗಿಲ ಬಳಿಯ ಗುಮಾಸ್ತ. ಐವತ್ತೊಂದು ವರ್ಷದ ಅವಳು ಆ ಕಟ್ಟಡದಲ್ಲಿ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಅವತ್ತು ಎಲ್ಲರೂ ಕಂಡರು. ಕಾರುಗಳು ನಿಲ್ಲುವ ಜಾಗದಲ್ಲಿ ಸಾಹೇಬರ ಕಾರು ಆಗಲೇ ಹಿಂದಕ್ಕೆ ತಿರುಗುತ್ತಿತ್ತು. ಅವಳು ಅದರ ಎದುರಿಗೇ ನಿಂತು ಕೈಯೆತ್ತಿದಳು.

ಸಾಹೇಬರು ಗಾಜು ಇಳಿಸಿದರು. "ಏನಾಯ್ತು, ಬಾವಿ ಬಿದ್ದುಹೋಯ್ತಾ?"

"ಸೆಣಬಲ್ಲ ಸಾರ್. ಅಗಸೆ. ನಂದೇ ತಪ್ಪು," ಎಂದಳು ಏದುಸಿರು ಬಿಡುತ್ತ.

ಅವರು ಕಾರಿನಿಂದ ಇಳಿದು, ಕಾಗದವನ್ನು ಬಾನೆಟ್ಟಿನ ಮೇಲಿಟ್ಟು ರುಜು ಹಾಕಿದರು. "ಇನ್ನೇನಾದ್ರೂ ತಪ್ಪು ಮಾಡಿದ್ರೆ ಈಗಲೇ ಹೇಳಿಬಿಡಿ, ಪೆನ್ನು ಕೈಯಲ್ಲಿದೆ," ಎಂದರು. ನಗುತ್ತಿದ್ದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಲಾರಿ ಗೇಟು ದಾಟಿತು. ನೇಕಾರಮ್ಮ ಚಾಲಕನ ಪಕ್ಕದಲ್ಲಿ ಕೂತಿದ್ದರು. ಕೈ ಬೀಸಲಿಲ್ಲ, ಕುತ್ತಿಗೆ ತಿರುಗಿಸಿ ಹಿಂದಿನ ಸರಕನ್ನೇ ನೋಡುತ್ತಿದ್ದರು.

ಸಾಹೇಬರು ಹೇಳಿದ್ದು ಸುಳ್ಳಾಗಲಿಲ್ಲ. ಮರುವಾರದಿಂದ ಅವಳ ಮೇಜಿನ ಮುಂದೆ ಏಜೆಂಟರ ಸಾಲು ಬೆಳೆಯಿತು. "ನಮ್ಮದೂ ಬಿಚ್ಚಿ ನೋಡಿ ಮೇಡಂ." ಒಬ್ಬನಂತೂ ಮುನ್ನೂರು ಸ್ನಾನದ ಟವೆಲುಗಳನ್ನು ಶಿಲ್ಪವೆಂದು ಬರೆದು ತಂದ, ಬಿಚ್ಚಿ ನೋಡಿದಳು, ಟವೆಲೇ. ಸಾಹೇಬರು ಕೇಳಿದ್ದ ವಿವರಣೆಯನ್ನೂ ಬರೆದುಕೊಟ್ಟಳು. ತರಬೇತಿ ಶಾಲೆಗೆ ಅವಳಿಗಿಂತ ಎಂಟು ವರ್ಷ ಚಿಕ್ಕವನೊಬ್ಬ ಹೋದ. ಆ ಸುದ್ದಿ ಬಂದ ದಿನ ಅವಳು ಮನೆಗೆ ಹೋಗಿ ಚೆನ್ನಾಗಿ ಅತ್ತಳು. ಅತ್ತೆ ತಡೆಯಲಿಲ್ಲ, ಗಂಡ ತನ್ನ ಕೈಯಾರೆ ಕಾಫಿ ಮಾಡಿಕೊಟ್ಟ. ಮೂರು ದಿನಕ್ಕೆ ಅದು ಇಳಿಯಿತು. ಪೂರ್ತಿ ಇಳಿಯಿತು ಎನ್ನಲಾಗದು.

ಕಲಾಗೃಹದಲ್ಲಿ ಬಾವಿಯನ್ನು ತೂಗುಹಾಕಿ ಒಂದು ತಿಂಗಳಾದ ಮೇಲೆ, ರಜೆಯ ದಿನ, ಅತ್ತೆ ತಾವೇ ಹೊರಟು ನಿಂತರು. "ನಡಿ, ನಿನ್ನ ನಿದ್ದೆ ಕೆಡಿಸಿದ್ದು ಏನು ಅಂತ ನಾನೂ ನೋಡಬೇಕು."

ಎತ್ತರದ ಕೋಣೆ, ಗಾಜಿನ ಮಾಡು, ಬಿಳಿಯ ಗೋಡೆ. ಗೋಡೆಯ ಮೇಲಿನ ಚೀಟಿಯಲ್ಲಿ ನೇಕಾರಮ್ಮನ ಹೆಸರಿನ ಕೆಳಗೆ ಒಂದೇ ಸಾಲು: ಉಣ್ಣೆ, ಬೆತ್ತ, ಅಗಸೆ ನಾರು. ಶಿಲ್ಪ ಎಂದೂ ಇರಲಿಲ್ಲ, ಬಟ್ಟೆ ಎಂದೂ ಇರಲಿಲ್ಲ. ಅತ್ತೆ ಮೊದಲು ಹೊರಮೈಯ ಜೋತುಬಿದ್ದ ಎಳೆಗಳನ್ನು ಅನುಮಾನದಿಂದ ನೋಡಿದರು. ಆಮೇಲೆ ಸೊಂಟ ಹಿಡಿದುಕೊಂಡು ಬಗ್ಗಿ ಒಳಗೆ ಹೋದರು.

ಬಹಳ ಹೊತ್ತು ಹೊರಗೆ ಬರಲಿಲ್ಲ. ಅವಳು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಕಾವಲಿನವನು ಕುರ್ಚಿ ತೋರಿಸಿದ, ಬೇಡವೆಂದಳು. ಒಂದು ಸಲ ಒಳಗಿನಿಂದ ಕೆಮ್ಮು ಕೇಳಿಸಿತು. ಬಟ್ಟೆಯ ಅಂಚಿನ ಕೆಳಗೆ ಅತ್ತೆಯ ಎರಡು ಕಾಲು ಮಾತ್ರ ಕಾಣುತ್ತಿದ್ದವು, ಅಲ್ಲಾಡದೆ.

"ಅತ್ತೆ, ಆಯ್ತಾ?"

"ತಾಳು."

ಕೊನೆಗೂ ಅವರು ಬಗ್ಗಿ ಹೊರಗೆ ಬಂದು, ಕುತ್ತಿಗೆ ಉಜ್ಜಿಕೊಂಡರು. ಕಣ್ಣು ಒದ್ದೆಯಾಗಿತ್ತು, ಅತ್ತದ್ದಕ್ಕೋ, ಅಷ್ಟು ಹೊತ್ತು ಬೆಳಕು ನೋಡಿದ್ದಕ್ಕೋ.

"ನೀನು ಹೋಗಲ್ವಾ?"

"ನಾನು ಅವತ್ತೇ ನೋಡಿದೀನಿ."

"ಅವತ್ತು ನೀನು ಡ್ಯೂಟಿ ಮೇಲಿದ್ದೆ," ಎಂದು ಅತ್ತೆ ಅವಳ ಹೆಗಲಿನಿಂದ ಚೀಲ ಇಳಿಸಿಕೊಂಡರು. "ಹೋಗು. ನಾನು ಇಲ್ಲೇ ಕೂತಿರ್ತೀನಿ."

ಅವಳು ಒಂದು ಕ್ಷಣ ಅಲ್ಲೇ ನಿಂತಳು. ಆಮೇಲೆ ಬಗ್ಗಿದಳು.